‘ಆಸರಕ್ಕ ಬ್ಯಾಸರಕ್ಕ ಆಗು’: ಅರ್ಥ, ಬಳಕೆ ಮತ್ತು ಬರಹದ ರೂಪದ ಕುರಿತು

ಪದಚರ್ಚೆಯ ಬಲ್ಲವರಿಗೆ ನಮಸ್ಕಾರ.

ಸ್ತನ ಕ್ಯಾನ್ಸರ್ ಇದೆಯೆಂದು ಈಗಷ್ಟೇ ತಿಳಿದುಬಂದ ಹೆಣ್ಣುಮಗಳಿಗೆ ಆಕೆಯ ಗೆಳತಿಯರು ಏನು ಮಾಡಬಹುದು, ಏನು ಮಾಡದಿದ್ದರೆ ಒಳ್ಳೆಯದು ಎಂಬುದನ್ನು ತಿಳಿಸುವ ಚಿಕ್ಕ ಕೈಹೊತ್ತಿಗೆಯೊಂದನ್ನು ಧಾರವಾಡದ ನಾವು ಕೆಲವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಓದಬೇಕಾದದ್ದಾದ್ದರಿಂದ ಬರಹದ ಕನ್ನಡವನ್ನೇ ಬಳಸಿದರೂ ಮುಖ್ಯವಾದ ಮಾತುಗಳು ಇಲ್ಲಿಯವರ ಬಾಯಲ್ಲಿ ಇರುವಂಥವೇ ಆಗಿರಬೇಕೆಂಬುದು ನಮ್ಮ ಆಸೆ. ವೈದ್ಯಕೀಯ ವಿಷಯದಲ್ಲಿ ನಮ್ಮೊಳಗೆ ತಕರಾರಿಲ್ಲ. ತಕರಾರು ಎದ್ದಿರುವುದು ಹೊತ್ತಿಗೆಯ ಹೆಸರಿನ ಬಗ್ಗೆ. ಗೆಳತಿಯಾದವಳು ಮಾಡುವ ಕೆಲಸವನ್ನು ಒಂದು ಕ್ರಿಯಾಪದದಲ್ಲಿ ಹೇಳಬೇಕು, ಮತ್ತು ಆ ಕ್ರಿಯೆಯ ಭಾರ ಗೆಳತಿಯ ಮೇಲೆ ಬೀಳಬೇಕೇ ಹೊರತು ಜಡ್ಡಾದವಳ ಮೇಲೆ ಬೀಳಬಾರದು. ರೂಢಿಯಲ್ಲಿರುವ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಹೆಚ್ಚಿನವು ಈ ಎರಡನೆಯ ನಿಬಂಧನೆಯಲ್ಲಿಯೇ ಸೋತವು.

ಎಲ್ಲರ ಬಾಯಿಗೂ ಮೊದಲು ಬರುವುದು ‘ಧೈರ್ಯ ಹೇಳು’. ಈ ಮಾತನ್ನು ಕೈಬಿಡಬೇಕೆಂದು ವಾದಿಸಿದವಳು ನಾನೇ. ಧೈರ್ಯ ಹೇಳುವವರು ಕುಳಿತ ಜಾಗದಿಂದ ಏಳಬೇಕಾಗಿಲ್ಲ. ಅದನ್ನು ಎಲ್ಲಿಂದಲಾದರೂ ತಂದುಕೊಳ್ಳಬೇಕಾದವಳು ಕೇಳಿಸಿಕೊಳ್ಳುವವಳು. ನಮ್ಮ ಗುಂಪಿನವರೊಬ್ಬರ ಮನೆಯಲ್ಲಿ ಬಯಾಪ್ಸಿಯ (ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆಯ) ವರದಿ ಬಂದ ವಾರ ಕಂಡದ್ದನ್ನು ಅವರ ಒಪ್ಪಿಗೆಯಿಂದಲೇ ಇಲ್ಲಿ ಹೇಳುತ್ತಿದ್ದೇನೆ. ಎಳನೀರು, ಬಾಳೆಹಣ್ಣು ಹಿಡಿದುಕೊಂಡು ಬಂದವರು ‘ಏನೂ ಆಗಂಗಿಲ್ಲ ಬಿಡವಾ, ಧೈರ್ಯ ತಗೋ’ ಎಂದರು. ಆಕೆ ‘ಹುಡುಗೂರದ ಒಂದ ಚಿಂತಿ ನನಗ’ ಎಂದು ಬಾಯಿ ತೆರೆದ ಕೂಡಲೇ ‘ಬಿಡತು ಅನ್ನು, ಹಂಗೆಲ್ಲಾ ಮಾತಾಡಬಾರದು’ ಎಂದು ಅಲ್ಲಿಗೇ ತಡೆದರು. ಇನ್ನೊಬ್ಬರು ತಮ್ಮ ನೆಗೆಣ್ಣಿಗೂ ಹೀಗೆಯೇ ಆಗಿತ್ತೆಂದು ಶುರುಮಾಡಿ, ಆ ಸಂಗತಿಯ ಕೊನೆ ನೆನಪಾದದ್ದರಿಂದ ನಡುವೆಯೇ ಮಾತು ಬದಲಿಸಿದರು. ಅಷ್ಟರಲ್ಲಿ ಎದ್ದು ಒಳಗೆ ಹೋಗಿ ಅಷ್ಟೂ ಜನರಿಗೆ ಚಹಾ ಮಾಡಿ ತಂದವಳು ವರದಿ ಬಂದ ಹೆಂಗಸೇ. ಬಂದವರೆಲ್ಲ ನಿಜವಾದ ಅಂತಃಕರಣದಿಂದಲೇ ಬಂದಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅವರ ಕೈಯಲ್ಲಿದ್ದ ಮಾತು ಅವರಿಗೆ ಮಾಡಲು ಏನನ್ನೂ ಕೊಟ್ಟಿರಲಿಲ್ಲ.

‘ಬೆಂಬಲ’ ಎಂಬುದನ್ನು ಸೂಚಿಸಿದವರು ಅದು ‘ಬೆನ್ನಿನ ಬಲ’ವೆಂದು ಬಿಡಿಸಿ ತೋರಿಸಿದರು. ಪದ ಚೆನ್ನಾಗಿಯೇ ಇದೆ. ಆದರೆ ನಮ್ಮ ಕಡೆ ಅದು ಚುನಾವಣೆಗೆ ಮತ್ತು ಹೆಸರು, ಕಡಲೆಯ ಬೆಂಬಲ ಬೆಲೆಗೆ ಎಷ್ಟು ಅಂಟಿಕೊಂಡಿದೆಯೆಂದರೆ ಅಡುಗೆಮನೆಯೊಳಗೆ ಅದನ್ನು ಯಾರೂ ಆಡುವುದಿಲ್ಲ. ‘ಸಮಾಧಾನ ಹೇಳು’ ಮತ್ತು ‘ಮಾತಾಡಿಸಿಕೊಂಡು ಬಾ’ ಎರಡನ್ನೂ ಕೂಡಲೇ ಕೈಬಿಟ್ಟೆವು. ‘ಮಾತಾಡಸಾಕ ಹೋಗಿದ್ವಿ’ ಎಂದರೆ ಇಲ್ಲಿ ಸಾವಾದ ಮನೆಗೆ ಹೋಗಿಬಂದೆವು ಎಂದೇ ಬಹಳ ಜನ ತಿಳಿಯುತ್ತಾರೆ.

‘ಕಾಳಜಿ’ಯ ಸಮಸ್ಯೆ ಬೇರೆ ಬಗೆಯದು, ಮತ್ತು ಈ ಕುರಿತು ದಕ್ಷಿಣದ ಸದಸ್ಯರ ಅಭಿಪ್ರಾಯ ಬೇಕು. ಮರಾಠಿಯಲ್ಲಿರುವಂತೆಯೇ ನಮ್ಮ ಭಾಗದ ಮಾತಿನಲ್ಲಿಯೂ ಈ ಪದಕ್ಕೆ ಎರಡು ಮುಖಗಳಿವೆ. ‘ಕಾಳಜಿ ಮಾಡಬ್ಯಾಡ’ ಎಂದರೆ ಚಿಂತಿಸಬೇಡ. ‘ಕಾಳಜಿ ತಗೋ’ ಎಂದರೆ ಜೋಪಾನವಾಗಿ ನೋಡಿಕೋ. ಅರ್ಥವನ್ನು ನಿರ್ಧರಿಸುವುದು ನಾಮಪದವಲ್ಲ, ಅದರ ಬೆನ್ನಿಗೆ ಬರುವ ಕ್ರಿಯಾಪದ. ಬೆಂಗಳೂರಿನಲ್ಲಿ ಬರೆದವರು ‘ನಿಮ್ಮ ಗೆಳತಿಯ ಕಾಳಜಿ ಮಾಡಿ’ ಎಂದು ಅಚ್ಚು ಹಾಕಿಸಿದರೆ ಹುಬ್ಬಳ್ಳಿಯ ಓದುಗರು ಅದನ್ನು ‘ಗೆಳತಿಯ ಬಗ್ಗೆ ಚಿಂತೆ ಮಾಡುತ್ತ ಕೂಡ್ರಿ’ ಎಂದು ಓದಿಕೊಳ್ಳುವ ಸಂಭವವಿದೆ. ಚಿಂತೆ ಮಾಡುವುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇಷ್ಟಾದ ಮೇಲೆ ಸಿಕ್ಕ ಮಾತು ಶೀರ್ಷಿಕೆಯಲ್ಲಿರುವುದು. ಅಣ್ಣಿಗೇರಿ ಕಡೆಯ ಹಿರಿಯ ಹೆಣ್ಣುಮಗಳೊಬ್ಬರು, ಮೇಲೆ ಹೇಳಿದ ಮನೆಗೇ ಬಂದುಹೋದ ಇನ್ನೊಬ್ಬ ಗೆಳತಿಯನ್ನು ಕುರಿತು, ‘ಆಕೀ ಬಂದು ಏನೂ ಮಾತಾಡಲಿಲ್ರೀ, ಒಲಿ ಮುಂದ ಕುಂತು ರೊಟ್ಟಿ ಬಡದಿಟ್ಟು ಹೋದ್ಲು. ಆಸರಕ್ಕ ಬ್ಯಾಸರಕ್ಕ ಆಗೋರು ಅಂದ್ರ ಇಂಥಾರು’ ಎಂದರು. ನುಡಿಗಟ್ಟು ನಮಗೆಲ್ಲರಿಗೂ ಪರಿಚಿತವಾದದ್ದೇ. ಆದರೆ ‘ಆಸರ’ ಎಂದರೆ ಇಲ್ಲಿ ಏನು ಎಂದು ಕೇಳಿದಾಗ ಗುಂಪು ಎರಡು ಪಾಲಾಯಿತು.

ಒಂದು ಪಕ್ಷದವರ ಪ್ರಕಾರ ಇದು ‘ಆಸರೆ’ಯೇ, ಅಂದರೆ ಸಂಸ್ಕೃತದ ‘ಆಶ್ರಯ’ದಿಂದ ಬಂದ ತದ್ಭವ, ‘ಬೇಸರ’ಕ್ಕೆ ಪ್ರಾಸವಾಗಿ ‘ಆಸರ’ ಎಂದಾಗಿದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಳಗನ್ನಡದಲ್ಲಿ ದಣಿವು, ಬಳಲಿಕೆ ಎಂಬ ಅರ್ಥದ ‘ಆಸಱು’ ಇದೆ, ಅದರ ಜೋಡಿಯಾಗಿ ‘ಬೇಸಱು’ ಇದೆ, ಎರಡೂ ಶಕಟರೇಫವುಳ್ಳ (ಹಳಗನ್ನಡದ ‘ಱ’ ಅಕ್ಷರವುಳ್ಳ) ಅಚ್ಚಗನ್ನಡ ಪದಗಳು. ‘ಆಶ್ರಯ’ದ ರೇಫಕ್ಕೂ (ಸಾಮಾನ್ಯ ‘ರ’ಕಾರಕ್ಕೂ) ಈ ಱಕಾರಕ್ಕೂ ಸಂಬಂಧವಿಲ್ಲ. ಹವ್ಯಕರ ಮಾತಿನಲ್ಲಿ ದಣಿದು ಬಂದವರಿಗೆ ಕುಡಿಯಲು ಕೊಡುವುದನ್ನು ‘ಆಸರಿಗೆ’ ಎನ್ನುವುದರಲ್ಲಿಯೂ ಈ ಹಳೆಯ ‘ಆಸಱು’ ಉಳಿದುಕೊಂಡಿರುವಂತಿದೆ. ವ್ಯಾಕರಣವೂ ಇದೇ ಕಡೆಗೆ ವಾಲುತ್ತದೆ. ‘ಕಷ್ಟಕ್ಕಾದವನೇ ನೆಂಟ’ ಎನ್ನುವಾಗ ಚತುರ್ಥಿಯಲ್ಲಿರುವುದು (‘-ಕ್ಕೆ’ ಹತ್ತಿರುವುದು) ತೊಂದರೆಯ ಹೆಸರೇ ಹೊರತು ನೆರವಿನ ಹೆಸರಲ್ಲ. ನೆರವಿನ ಹೆಸರಾಗಿದ್ದರೆ ‘ನನಗ ಆಸರಾದ್ಲು’ ಎಂದು ‘-ಕ್ಕೆ’ ಇಲ್ಲದೆ ಪ್ರಥಮೆಯಲ್ಲಿ ಬರುತ್ತಿತ್ತು, ಮತ್ತು ಹಾಗೆ ಬರುವ ಬಳಕೆ ಬೇರೆಯಾಗಿಯೇ ಇದೆ. ಆದ್ದರಿಂದ ‘ಆಸರಕ್ಕ ಬ್ಯಾಸರಕ್ಕ ಆಗು’ ಎಂದರೆ ದಣಿವಾದಾಗ, ಬೇಸರವಾದಾಗ ಒದಗು ಎಂದೇ ನನ್ನ ತಿಳಿವಳಿಕೆ.

ಇದು ಬರಿಯ ವ್ಯುತ್ಪತ್ತಿಯ ಹಟವಲ್ಲ. ಅರ್ಥ ಯಾವುದೆಂಬುದರ ಮೇಲೆ ಹೊತ್ತಿಗೆಯೊಳಗಿನ ಸಲಹೆಗಳ ಕ್ರಮವೇ ನಿಂತಿದೆ. ಸ್ತನ ಕ್ಯಾನ್ಸರಿನ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದು. ಕೀಮೋ (ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧದ ಚಿಕಿತ್ಸೆ) ಸಾಮಾನ್ಯವಾಗಿ 2 ಅಥವಾ 3 ವಾರಗಳಿಗೊಮ್ಮೆ ಬರುತ್ತದೆ. ಹಲವು ಬಗೆಯ ಕೀಮೋದಲ್ಲಿ ಮೊದಲನೆಯ ಸಲದಿಂದ 2–3 ವಾರಗಳಾಗುತ್ತಿದ್ದಂತೆ ಕೂದಲು ಉದುರತೊಡಗುತ್ತದೆ. ಶಸ್ತ್ರಚಿಕಿತ್ಸೆ, ಬೇಕಾದವರಿಗೆ ರೇಡಿಯೇಶನ್, ಕೆಲವರಿಗೆ ವರ್ಷಗಳವರೆಗೆ ದಿನವೂ ನುಂಗಬೇಕಾದ ಹಾರ್ಮೋನ್ ಗುಳಿಗೆಗಳು. ಈ ದಾರಿಯಲ್ಲಿ ಬಹುಮಂದಿಯನ್ನು ಕಾಡುವುದು ದಣಿವು, ಅದೂ ರಾತ್ರಿಯೆಲ್ಲ ಮಲಗಿ ಎದ್ದರೂ ಹೋಗದ ದಣಿವು. ಎಳನೀರು ಹಿಡಿದು ಬರುವ ಜನ ವರದಿ ಬಂದ ವಾರ ಬರುತ್ತಾರೆ. ಆಸರು, ಬೇಸರು ಎರಡೂ ಬರುವುದು ಜನ ಬರುವುದು ನಿಂತ ಮೇಲೆ, ಮೂರನೆಯದೋ ನಾಲ್ಕನೆಯದೋ ಕೀಮೋ ಹೊತ್ತಿಗೆ. ‘ಧೈರ್ಯ’ ಮೊದಲ ವಾರದ ಮಾತಾದರೆ ‘ಆಸರಕ್ಕ ಆಗುವುದು’ ಆ ಮುಂದಿನ ತಿಂಗಳುಗಳ ಮಾತು.

ಹಾಗೆ ಒದಗುವುದು ಹೇಗೆಂಬುದಕ್ಕೆ ನಾವು ಬರೆದಿರುವ ವಾಕ್ಯಗಳೂ ನಿಮ್ಮ ಪರೀಕ್ಷೆಗೆ ಇರಲಿ. ‘ಏನರ ಬೇಕಾದ್ರ ಹೇಳವಾ’ ಎನ್ನಬೇಡಿ, ಏಕೆಂದರೆ ಏನು ಬೇಕೆಂದು ಯೋಚಿಸಿ, ಸಂಕೋಚ ಬಿಟ್ಟು, ಫೋನು ಮಾಡಿ ಕೇಳುವ ಕೆಲಸವನ್ನು ಈ ಮಾತು ಆಕೆಯ ತಲೆಗೇ ಕಟ್ಟುತ್ತದೆ. ‘ಮಂಗಳವಾರದ ರೊಟ್ಟಿ ಪಲ್ಲೆ ನನ್ನ ಕಡಿಂದ’ ಎಂದು ದಿನವನ್ನೂ ಕೆಲಸವನ್ನೂ ಹೆಸರಿಸಿ ಹೇಳಿ. ಬೇಡವಾದರೆ ಬೇಡವೆನ್ನುವುದು ಆಕೆಗೆ ಸುಲಭ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ದಿನ ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ‘ಜೋಡಿ’ ಹೋಗಿ, ವೈದ್ಯರು ಹೇಳಿದ್ದನ್ನು ಹಾಳೆಯಲ್ಲಿ ಬರೆದುಕೊಳ್ಳಿ, ಏಕೆಂದರೆ ಕೇಳುವವಳಿಗೆ ಆ ಹೊತ್ತಿನಲ್ಲಿ ಮೊದಲ ವಾಕ್ಯದ ಮುಂದಿನದು ಕಿವಿಗೆ ಬೀಳುವುದೇ ಇಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಅದರ ಕಾಗದಪತ್ರಗಳ ಸಲುವಾಗಿ ‘ಓಡ್ಯಾಡಿ’. (ಈ ‘ಓಡ್ಯಾಡು’ ಎಂಬುದನ್ನೇ ಹೆಸರಿಗೆ ತರೋಣವೆಂದು ಒಬ್ಬರು ಅಂದರು. ‘ನಮ್ಮ ಸಲುವಾಗಿ ಬಾಳ ಓಡ್ಯಾಡಿದ್ರು’ ಎಂಬ ಮಾತಿನಲ್ಲಿರುವ ಋಣದ ಭಾವ ನನಗೂ ಇಷ್ಟ. ಆದರೆ ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದು ಅದರಲ್ಲಿ ಸೇರುವುದಿಲ್ಲ.) ಕೀಮೋ ನಡೆಯುತ್ತಿರುವಾಗ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಕಾದರೆ, ನಡುರಾತ್ರಿಯಾದರೂ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಫೋನು ಮಾಡಿ. ಆಕೆ ಸಾವಿನ ಮಾತೆತ್ತಿದರೆ ‘ಬಿಡತು ಅನ್ನು’ ಎನ್ನದೆ ಕೇಳಿಸಿಕೊಳ್ಳಿ.

ಆಸ್ಪತ್ರೆಯ ಮಾತನ್ನು ಮನೆಗೆ ಹೊತ್ತು ತರುವವಳೂ ಈ ಗೆಳತಿಯೇ ಆದ್ದರಿಂದ ದಾರಿಯಲ್ಲಿ ಅರ್ಥ ಕೆಡುವ ನಾಲ್ಕು ಪದಗಳಿಗೆ ಹೊತ್ತಿಗೆಯಲ್ಲಿ ಒಂದು ಪುಟ ಕೊಟ್ಟಿದ್ದೇವೆ. ರೇಡಿಯೇಶನ್ನಿಗೆ ಜನ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಈ ಮಾತಿನಿಂದ ಝುಮ್ಮೆನ್ನುವ ಶಾಕ್‌ನ ಹೆದರಿಕೆ ಒಂದು ಕಡೆಯಾದರೆ, ಕರೆಂಟ್ ಹಿಡಿದ ಮೈ ಹತ್ತಿರ ಕೂಸುಗಳನ್ನು ಬಿಡಬಾರದೆಂಬ ಕಲ್ಪನೆ ಇನ್ನೊಂದು ಕಡೆ. ಯಂತ್ರದಿಂದ ಹೊರಗಿನಿಂದ ಬಿಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಗನನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ. ‘ವಿಕಿರಣ’ವೆಂದು ಬರೆದರೆ ತಪ್ಪಿಲ್ಲ, ಆದರೆ ಓದುವವರಿಗೆ ಹತ್ತುವುದಿಲ್ಲ; ‘ಕಿರಣ ಬಿಡುವುದು’ ಎಂದು ಬರೆದು ಪಕ್ಕದಲ್ಲಿ ‘ಕರೆಂಟ್ ಎನ್ನುವುದು ಇದನ್ನೇ’ ಎಂದು ಸೇರಿಸಿದ್ದೇವೆ. ವರದಿಯಲ್ಲಿನ ‘ಗ್ರೇಡ್ 3’ ಎಂಬುದನ್ನು ‘ಮೂರನೇ ಸ್ಟೇಜ್’ ಎಂದು ಓದಿಕೊಂಡು ಮನೆಮಂದಿಯೆಲ್ಲ ಅತ್ತುಬಿಡುವುದುಂಟು. ಸ್ಟೇಜ್ ಎಂದರೆ ರೋಗ ಎಷ್ಟು ದೂರ ಹಬ್ಬಿದೆ ಎಂಬುದು, ಗ್ರೇಡ್ ಎಂದರೆ ಸೂಕ್ಷ್ಮದರ್ಶಕದ ಕೆಳಗೆ ಕೋಶಗಳು ಎಷ್ಟು ಬದಲಾಗಿ ಕಾಣುತ್ತವೆ ಎಂಬುದು. ಚಿಕ್ಕದಾದ, ಎಲ್ಲಿಯೂ ಹಬ್ಬಿರದ ಗಂಟಿಗೂ ಗ್ರೇಡ್ 3 ಇರಬಹುದು. ಮೊದಲನೆಯದಕ್ಕೆ ‘ಹಂತ’ ನಿಂತುಬಿಟ್ಟಿದೆ. ಎರಡನೆಯದಕ್ಕೆ ‘ದರ್ಜೆ’ ಎಂದರೆ ಓದುಗರು ಪರೀಕ್ಷೆಯ ಫಲಿತಾಂಶದಂತೆ ಪ್ರಥಮ ದರ್ಜೆಯೇ ಉತ್ತಮವೆಂದುಕೊಳ್ಳುತ್ತಾರೆ, ಆಕಸ್ಮಿಕವಾಗಿ ಇಲ್ಲಿ ಅದು ಸರಿಯೂ ಹೌದು. ‘ಪಾಸಿಟಿವ್’ ಎಂಬುದು ಬಯಾಪ್ಸಿಯಲ್ಲಿ ಕೆಟ್ಟ ಸುದ್ದಿ, ಹಾರ್ಮೋನ್ ಪರೀಕ್ಷೆಯಲ್ಲಿ ಗುಳಿಗೆಯ ದಾರಿಯೊಂದು ತೆರೆದಿದೆ ಎಂಬ ಸುದ್ದಿ. ಯಾವ ಪರೀಕ್ಷೆಯದೆಂದು ಹೇಳದೆ ಆ ಪದವನ್ನು ಬಳಸಬಾರದೆಂದು ತೀರ್ಮಾನಿಸಿದ್ದೇವೆ. ಇನ್ನು ‘ಎದಿ ಕ್ಯಾನ್ಸರ್’. ಸ್ತನವೆನ್ನಲು ನಾಚಿ ಎದೆ ಎಂದವರ ಮಾತನ್ನು ಕೇಳಿದವರು ಅದನ್ನು ಪುಪ್ಪುಸದ ರೋಗವೆಂದು ಭಾವಿಸಿದ್ದನ್ನು ಕಂಡಿದ್ದೇವೆ. ಹೊತ್ತಿಗೆಯ ಉದ್ದಕ್ಕೂ ಸ್ತನವೆಂದೇ ಬರೆಯುವುದೆಂದು ನಾನು ಪಟ್ಟುಹಿಡಿದೆ, ಯಾರೂ ಬಹಳ ವಿರೋಧಿಸಲಿಲ್ಲ.

ಈಗ ನಿಮ್ಮಿಂದ ಬೇಕಾದದ್ದು. ‘ಆಸರಕ್ಕ ಬ್ಯಾಸರಕ್ಕ ಆಗು’ ಎಂಬುದು ನಿಮ್ಮ ಊರಿನಲ್ಲಿ ಈಗಲೂ ಬಳಕೆಯಲ್ಲಿದೆಯೇ, ಇದ್ದರೆ ಜಡ್ಡಿನ ಸಂದರ್ಭದಲ್ಲಿ ಮಾತ್ರವೋ, ಬಾಣಂತನ, ಸುಗ್ಗಿ, ಮದುವೆಯಂಥ ಹೊತ್ತುಗಳಲ್ಲಿಯೂ ಹೇಳುತ್ತಾರೋ? ಶಿವಮೊಗ್ಗ, ದಾವಣಗೆರೆಗಳಿಗೆ ಹೊಂದಿಕೊಂಡಿರುವ ಹಿರೇಕೆರೂರು, ರಾಣೆಬೆನ್ನೂರು ಕಡೆಯವರು ಇದನ್ನು ಹೇಗೆ ಉಚ್ಚರಿಸುತ್ತಾರೆ? ‘ಮಾತಾಡಿಸು’ವಿಗೆ ಇರುವಂತೆ ಇದಕ್ಕೂ ಎಲ್ಲಿಯಾದರೂ ಅಶುಭದ ನೆರಳು ಇದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾಗಿದೆ. ಹೊದಿಕೆಯ ಮೇಲೆ ‘ಆಸರಕ್ಕೆ ಬೇಸರಕ್ಕೆ ಆಗುವ ಗೆಳತಿ’ ಎಂದು ಬರಹದ ರೂಪಕ್ಕೆ ತಿದ್ದಿದರೆ ನುಡಿಗಟ್ಟು ಸತ್ವ ಕಳೆದುಕೊಳ್ಳುತ್ತದೆಂದು ಅರ್ಧ ಜನ, ಆಡುಮಾತಿನಲ್ಲಿಯೇ ಬಿಟ್ಟರೆ ಹೊತ್ತಿಗೆಯನ್ನು ನಾಟಕದ ಹಸ್ತಪತ್ರಿಕೆ ಎಂದುಕೊಳ್ಳುತ್ತಾರೆಂದು ಇನ್ನರ್ಧ ಜನ ಹೇಳುತ್ತಿದ್ದಾರೆ. ‘ಆಸಱು’ವಿನ ಹಳೆಯ ಪ್ರಯೋಗಗಳು ಬಲ್ಲವರು ಪದ್ಯದ ಸಾಲು ಸಹಿತ ಕೊಟ್ಟರೆ, ಅರ್ಥದ ವಿಷಯದಲ್ಲಿ ಎದುರು ಪಕ್ಷದವರನ್ನು ಒಪ್ಪಿಸಲು ನನಗೆ ಅನುಕೂಲವಾಗುತ್ತದೆ, ನನ್ನ ವಾದಕ್ಕೆ ವಿರುದ್ಧವಾದ ಪ್ರಯೋಗಗಳಿದ್ದರೆ ಅವನ್ನೂ ದಯವಿಟ್ಟು ಕಳುಹಿಸಿ.