ಬೀಟಾ ಕೋಶ ಉಳಸಾಕ ಆಂಟಿಆಕ್ಸಿಡೆಂಟ್ ಗುಳಿಗಿ ಬೇಕೇನ್ರಿ?

ಪ್ರಶ್ನೆ (ಬಾಗಲಕೋಟೆ): ಅಪ್ಪಾರಿಗೆ 58 ವರ್ಷ, ಟೈಪ್ 2 ಶುಗರ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.1. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಗುಳಿಗಿ ನಡದೈತಿ. ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಉಳೀತೈತಿ ಅಂತ ಯಾರೋ ಹೇಳಿದ್ದಕ್ಕ ವಿಟಮಿನ್ ಸಿ 1000, ವಿಟಮಿನ್ ಇ 400, ಸೆಲೆನಿಯಂ, ಆಲ್ಫಾ ಲಿಪೊಯಿಕ್ ಆಸಿಡ್ ಅನ್ನೋ ಆಂಟಿಆಕ್ಸಿಡೆಂಟ್ (ಕೋಶಕ್ಕ ಹಾನಿ ಮಾಡೋ ವಸ್ತು ತಡಿಯೋ) ಗುಳಿಗಿ ಸುರು ಮಾಡ್ಯಾರ. ತಿಳದವರು ಹೇಳ್ರಿ.

ಔಷಧ ಅಂಗಡಿ, ಬಾಗಲಕೋಟೆ: ಅಕ್ಕಾರ, ವಿಚಾರ ಪೂರ್ತಿ ಸುಳ್ಳಲ್ರಿ. ಪ್ಯಾಂಕ್ರಿಯಾಸಿನಾಗ ಇನ್ಸುಲಿನ್ ತಯಾರಿಸೋ ಬೀಟಾ ಕೋಶದಾಗ, ಪೆರಾಕ್ಸೈಡ್ ಅನ್ನೋ ಹಾನಿಕಾರಕ ವಸ್ತು ಒಡೆಯೋ ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅನ್ನೋ ಕಿಣ್ವ ಬಾಳ ಕಡಿಮಿ. ಶುಗರ್ ಏರಿದ್ದು ಇಳೀಲಿಲ್ಲಂದ್ರ ಪೆರಾಕ್ಸೈಡ್ ಅಲ್ಲೇ ಕೂಡಿಕೊಂತೈತಿ, ಇನ್ಸುಲಿನ್ ತಯಾರಿ ಕುಂದತೈತಿ. ಇಲಿಗೆ ಎನ್-ಅಸಿಟೈಲ್ ಸಿಸ್ಟೀನ್ ಅನ್ನೋ ಆಂಟಿಆಕ್ಸಿಡೆಂಟ್ ಕೊಟ್ಟಾಗ ಈ ಕೋಶಕ್ಕ ರಕ್ಷಣೆ ಸಿಕ್ಕೈತಿ. ಮನುಷ್ಯಾರಾಗ ಮಾತ್ರ ಸಿ, ಇ ಗುಳಿಗಿಯಿಂದ ಕೋಶ ಉಳದಾವು ಅನ್ನಾಕ ಗಟ್ಟಿ ಪುರಾವೆ ಇಲ್ಲ.
ಮೊದಲ ಸೆಲೆನಿಯಂ ಬಿಡಸ್ರಿ. ದಿನಾ 200 ಮೈಕ್ರೋಗ್ರಾಂ ತಗೊಂಡವರಾಗ ಟೈಪ್ 2 ಶುಗರ್ ಹೆಚ್ಚಾಗಿದ್ದು ಅಮೆರಿಕದ ಅಧ್ಯಯನದಾಗ 2007ರಾಗ ಕಂಡೈತಿ. ವಿಟಮಿನ್ ಇ 400 ಯೂನಿಟ್ ದಿನಾ ತಗೊಂಡ ಗಂಡಸರಾಗ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚು ಅಂತ ಸೆಲೆಕ್ಟ್ ಅನ್ನೋ ಅಧ್ಯಯನದ 2011ರ ಫಲಿತಾಂಶ. ಅಪ್ಪಾರ ವಯಸ್ಸಿಗೆ ಇದು ಸಣ್ಣ ಮಾತಲ್ಲ. ರಕ್ತ ತೆಳು ಮಾಡೋ ವಾರ್ಫರಿನ್ ಇದ್ರಂತೂ ಡಾಕ್ಟರಿಗೆ ಹೇಳದ ಮುಟ್ಟಬ್ಯಾಡ್ರಿ.

ಲ್ಯಾಬ್‌ನವರು, ಬೆಳಗಾವಿ: ವಿಟಮಿನ್ ಸಿ 1000 ಇದ್ರ ಒಂದು ನೆನಪಿಡ್ರಿ. ಶುಗರ್ ನೋಡಾಕ ತೋಳಿಗೆ ಅಂಟಿಸೋ ಲಿಬ್ರೆ ಸೆನ್ಸರ್‌ನ ಕೆಲವು ಮಾದರಿ, ವಿಟಮಿನ್ ಸಿ ದಿನಕ್ಕ 500 ಮಿಲಿಗ್ರಾಂ ಮೀರಿದ್ರ, ಇದ್ದದ್ದಕ್ಕಿಂತ ಹೆಚ್ಚಿನ ಶುಗರ್ ತೋರಿಸಬಹುದು. ಆ ಅಂಕಿ ನಂಬಿ ಇನ್ಸುಲಿನ್ ಏರಿಸಿದವರಿಗೆ ಲೋ ಶುಗರ್ ಆಗೋ ಅಪಾಯ. ಮೂತ್ರದ ಪಟ್ಟಿ ಉಲ್ಟಾ: ಸಕ್ಕರಿ ಇದ್ರೂ ಇಲ್ಲ ಅಂತೈತಿ. ರಕ್ತ ಕೊಡೂ ಮುಂದ ಏನೇನು ಗುಳಿಗಿ ನಡದೈತಿ ಹೇಳ್ರಿ.

ಆಹಾರ ತಜ್ಞೆ, ವಿಜಯಪುರ: ಕೋಶಕ್ಕ ನಿಜವಾದ ಆರಾಮ ಅಂದ್ರ ಶುಗರ್ ಇಳಿಯೋದು, ಪ್ಯಾಂಕ್ರಿಯಾಸ್, ಲಿವರ್‌ನ ಕೊಬ್ಬು ಕರಗೋದು. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಾಗ (2017) ಶುಗರ್ ಬಂದು ಆರು ವರ್ಷದೊಳಗಿನವರು ಇದ್ರು. ತೂಕ ಇಳಿಸೋ ಗುಂಪಿನ 46% ಮಂದಿ ಒಂದು ವರ್ಷಕ್ಕ ಔಷಧ ಇಲ್ಲದ ಶುಗರ್ ಹಿಡತಕ್ಕ ತಂದ್ರು. 15 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಾಗ 86%. ಮೆಟ್‌ಫಾರ್ಮಿನ್ ತಾವೇ ನಿಲ್ಲಿಸೋದು ಮಾತ್ರ ಬ್ಯಾಡ.
ತಾಟಿನಾಗ ಮೊದಲ ಹಸಿ ಮೆಂತ್ಯ ಸೊಪ್ಪು, ಸವತಿಕಾಯಿ, ಹೆಸರುಕಾಳು ಪಲ್ಯ ತಿನ್ನಲಿ, ರೊಟ್ಟಿ ಆಮ್ಯಾಲ. ಜೋಳದ ರೊಟ್ಟಿನೂ ಹಿಟ್ಟೇ ಅದ, ಲೆಕ್ಕ ಇಡಬೇಕು. ಆಂಟಿಆಕ್ಸಿಡೆಂಟ್ ಅಂತ ನಮ್ಮ ಒಣದ್ರಾಕ್ಷಿ ಮುಕ್ಕಿದ್ರ 100 ಗ್ರಾಂನಾಗ ಹತ್ತತ್ರ 60 ಗ್ರಾಂ ಸಕ್ಕರಿ ಹೋಗ್ತದ.

ಪ್ರಶ್ನೆ ಕೇಳಿದವರು: ಅಂಗಾಲು ಉರೀತಾವು ಅಂತಾರ, ಲಿಪೊಯಿಕ್ ಆಸಿಡ್ ಇರಲೇನ್ರಿ?

ಔಷಧ ಅಂಗಡಿ, ಬಾಗಲಕೋಟೆ: ಅದು 600 ಮಿಲಿಗ್ರಾಂ ನರದ ಉರಿಗೆ ಕೊಡ್ತಾರ, ಕೋಶ ಉಳಸಾಕಲ್ಲ. ಆದ್ರ ಮೆಟ್‌ಫಾರ್ಮಿನ್ ಬಾಳ ವರ್ಷ ತಗೊಂಡ್ರ ಬಿ12 ಇಳೀತೈತಿ, ಅದ್ರಿಂದಾನೂ ಅಂಗಾಲು ಉರೀತಾವು. ಮೊದಲ ಬಿ12 ನೋಡಸ್ರಿ.