ಕೋಲಾರದ ಕೆರೆಗಳಿಗೆ ಬರುವ ನೀರು: ಎರಡು ಹಂತದ ಶುದ್ಧೀಕರಣ ಸಾಕಾ?

ನರಸಾಪುರದವಳು: 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಆಮೇಲೂ ನೀರಲ್ಲಿ ಉಳಿದಿದ್ದನ್ನು ತೆಗೆಯುವ ಮೂರನೇ ಹಂತ ಬೇಕೇ ಬೇಕಾ? ನಿಮಗೆ ಏನನ್ನಿಸುತ್ತದೆ?

ಟೊಮೆಟೊ ಬೆಳೆಗಾರ: ಸಾವಿರ ಅಡಿ ಕೊರೆದರೂ ಬರೀ ಧೂಳು ಬರುತ್ತಿದ್ದ ಜಾಗ ಇದು. ಈಗ ಬೋರ್‌ವೆಲ್‌ನಲ್ಲಿ ನೀರಿದೆ. ದಯವಿಟ್ಟು ನಿಲ್ಲಿಸಿ ಅನ್ನಬೇಡಿ.

ರಸಾಯನಶಾಸ್ತ್ರ ಮೇಷ್ಟ್ರು: ನಿಲ್ಲಿಸಿ ಅಂತ ನಾನೂ ಹೇಳುವುದಿಲ್ಲ. ಆದರೆ ಎರಡನೇ ಹಂತದಲ್ಲಿ ಏನಾಗುತ್ತದೆ ನೋಡಿ. ಸೂಕ್ಷ್ಮಜೀವಿಗಳು ಕೊಳೆಯುವ ಪದಾರ್ಥವನ್ನು ತಿನ್ನುತ್ತವೆ, ಅಷ್ಟೇ. ಸಾರಜನಕ, ರಂಜಕ ಎಷ್ಟೋ ಪಾಲು ಹಾಗೇ ಉಳಿಯುತ್ತವೆ. ಕೆರೆಯಲ್ಲಿ ಪಾಚಿ, ಅಂತರಗಂಗೆ ಬೆಳೆಯುವುದು ಅದರಿಂದಲೇ. ಕೆರೆ ನೀರು ಇಂಗಿದಾಗ ಆ ಸಾರಜನಕದಿಂದಾಗುವ ನೈಟ್ರೇಟ್ ಕೂಡ ಕೆಳಗಿಳಿಯುತ್ತದೆ. ಕುಡಿಯುವ ನೀರಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಜಾಸ್ತಿಯಾದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕವನ್ನು ಸರಿಯಾಗಿ ಸಾಗಿಸಲು ಆಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ, ಉಳಿದ ನೀರಲ್ಲಿ ನೈಟ್ರೇಟ್ ಪ್ರಮಾಣ ಇನ್ನೂ ಹೆಚ್ಚುತ್ತದೆ! ಇದನ್ನು ಊರಿನವರಿಗೆ ಯಾರೂ ಹೇಳುವುದಿಲ್ಲ, ಅದೇ ನನ್ನ ಸಿಟ್ಟು. ಮೂರನೇ ಹಂತ ಕಟ್ಟಲಿ. ಅಲ್ಲಿಯವರೆಗೆ ಪ್ರತಿ ತಿಂಗಳು ಬೋರ್‌ವೆಲ್ ನೀರು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಬಾಗಿಲಿಗೆ ಅಂಟಿಸಲಿ.

ನರಸಾಪುರದವಳು: ಖರ್ಚು ಜಾಸ್ತಿ ಅಲ್ವಾ? ಯಾರು ಕೊಡಬೇಕು?

ರಸಾಯನಶಾಸ್ತ್ರ ಮೇಷ್ಟ್ರು: ಬೆಂಗಳೂರು. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರಲು ಆ ಊರಿಗೆ ದುಡ್ಡಿದೆ. ಬಳಸಿದ ಮೇಲೆ ಪೂರ್ತಿ ಶುದ್ಧ ಮಾಡಿ ಕೊಡುವುದೂ ಅದೇ ಲೆಕ್ಕದಲ್ಲಿ ಸೇರಬೇಕು.

ಟೊಮೆಟೊ ಬೆಳೆಗಾರ: ಪರೀಕ್ಷೆಯ ಮಾತಿಗೆ ನಾನೂ ಒಪ್ಪುತ್ತೇನೆ. ಮನೆಯಲ್ಲಿ ಮೊಮ್ಮಗು ಇದೆ.