ಅಪ್‌ಡೇಟ್: ಗೇರ್‌ಗೆ ಹಾಕಿದ ಕೂಡಲೇ ಆಫ್ ಆಗುತ್ತಿದ್ದ ಕಾರು ಸರಿಯಾಯಿತು

ನನ್ನ 2003ರ ಆಟೋಮ್ಯಾಟಿಕ್ ಕಾರು ನ್ಯೂಟ್ರಲ್‌ನಲ್ಲಿ ಸರಿಯಾಗಿರುತ್ತದೆ, ಡ್ರೈವ್‌ಗೋ ರಿವರ್ಸ್‌ಗೋ ಹಾಕಿದರೆ ಆಫ್ ಆಗುತ್ತದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಯಾಯಿತು.

ಮೊದಲು ಐಡಲ್ ವಾಲ್ವ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್‌ಗೆ ಬೇಕಾದಷ್ಟು ಗಾಳಿ ಬಿಡುವ ವಾಲ್ವ್) ಬಿಚ್ಚಿದೆ. ಒಳಗೆಲ್ಲ ಮಸಿ. ತೊಳೆದರೂ ಜಾಸ್ತಿ ಫರಕು ಆಗಲಿಲ್ಲ. ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ್ದೂ ಸುಮ್ನೆ ದುಡ್ಡು ದಂಡ.

ಕೆಲಸಕ್ಕೆ ಬಂದದ್ದು 'ಗಾಳಿ ಪೈಪ್ ನೋಡಿ' ಅಂದವರ ಮಾತು. ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್‌ನಿಂದ, ಆ ಗಾಳಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್‌ಗೆ ಹೋಗುವ ರಬ್ಬರ್ ಪೈಪ್ ಮೇಲಿಂದ ಹೊಸದರ ಹಾಗೇ ಇತ್ತು. ತಮ್ಮ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು ಗೇರ್‌ಗೆ ಹಾಕಿದ, ನಾನು ಪಕ್ಕದಿಂದ ಟಾರ್ಚ್ ಬಿಟ್ಟೆ. ಎಂಜಿನ್ ಒಂಚೂರು ವಾಲಿತು ನೋಡಿ, ಪೈಪಿನ ಮಡಿಕೆಯ ಅಡಿಯಲ್ಲಿದ್ದ ಸೀಳು ಬಾಯಿ ಬಿಟ್ಟಿತು! ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ನುಗ್ಗುತ್ತಿತ್ತು, ಅದಕ್ಕೆ ತಕ್ಕಷ್ಟು ಇಂಧನ ಸಿಗದೆ ಎಂಜಿನ್ ನಿಲ್ಲುತ್ತಿತ್ತು.

ಹೊಸ ಪೈಪ್ ಹಾಕಿ ನಾಲ್ಕು ದಿನವಾಯಿತು, ಒಮ್ಮೆಯೂ ನಿಂತಿಲ್ಲ. ಎಂಜಿನ್ ವಾಲದಂತೆ ಹಿಡಿದಿಡುವ ಎಂಜಿನ್ ಮೌಂಟೂ ಸವೆದಿದೆ, ಅದು ಮುಂದಿನ ತಿಂಗಳ ಸಂಬಳ ಬಂದ ಮೇಲೆ.